ನೇರ ಕಾರ್ಯಕ್ರಮದ ಧ್ವನಿ ಮತ್ತು ಬೆಳಕಿನ ನಿಯಂತ್ರಣಕ್ಕೆ ವೈ-ಫೈ ಜಾಲ: ಕಟ್ಟುವ ಕ್ರಮ

ಸೌಂಡ್ ಚೆಕ್ ನಡೆಯುವಾಗ ಸಭಾಂಗಣ ಖಾಲಿಯಿತ್ತು. ಟ್ಯಾಬ್ಲೆಟ್ ಹಿಡಿದು ಕೊನೆಯ ಸಾಲಿನವರೆಗೂ ನಡೆದುಹೋದೆ. ಎಲ್ಲಿ ನಿಂತು ಫೇಡರ್ (ಧ್ವನಿ ಏರಿಳಿಸುವ ಜಾರುಗುಂಡಿ) ಎಳೆದರೂ ಧ್ವನಿ ಬೆರೆಸುವ ಮಿಕ್ಸರ್ ಕೂಡಲೇ ಮಾತು ಕೇಳುತ್ತಿತ್ತು. ಎರಡು ಗಂಟೆಯ ನಂತರ ಕುರ್ಚಿಗಳೆಲ್ಲ ತುಂಬಿದ್ದವು. ಗಾಯಕಿ ತಮ್ಮ ಮುಂದಿನ ಮಾನಿಟರ್ ಸ್ಪೀಕರ್ ಕಡೆ ಬೆರಳು ತೋರಿಸಿ, ಧ್ವನಿ ಹೆಚ್ಚಿಸುವಂತೆ ಸನ್ನೆ ಮಾಡುತ್ತಿದ್ದರು. ಪರದೆಯ ಮೇಲಿನ ಫೇಡರ್ ನನ್ನ ಬೆರಳಿನ ಜೊತೆಗೇ ಮೇಲೇರಿತು, ಒಂದು ಕ್ಷಣ ನಿಂತಿತು, ಆಮೇಲೆ ತಾನಾಗಿಯೇ ಹಳೆಯ ಜಾಗಕ್ಕೆ ಇಳಿದು ಕೂತಿತು. ವೈ-ಫೈ ಗುರುತಿನ ಗೆರೆಗಳು ಮಾತ್ರ ಪೂರ್ತಿ ತುಂಬಿಯೇ ಇದ್ದವು.

ಆ ಗೆರೆಗಳು ಹೇಳುವುದು ಸಿಗ್ನಲ್ ಎಷ್ಟು ಜೋರಾಗಿ ತಲುಪುತ್ತಿದೆ ಎಂಬುದನ್ನಷ್ಟೇ; ಮಾತನಾಡಲು ಸರದಿ ಸಿಗುತ್ತದೆಯೇ ಎಂಬುದನ್ನು ಅವು ಹೇಳುವುದಿಲ್ಲ. ಒಂದು ವೈ-ಫೈ ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಬ್ಬರು ಮಾತ್ರ ಮಾತನಾಡಬೇಕು, ಉಳಿದವರು ಕಾಯಬೇಕು. ನೂರಾರು ಫೋನುಗಳು ಜೇಬಿನೊಳಗಿನಿಂದಲೇ ಪರಿಚಿತ ಜಾಲಗಳನ್ನು ಹುಡುಕುತ್ತಿರುವಾಗ, ಅಕ್ಕಪಕ್ಕದ ಹತ್ತಾರು ರೂಟರ್‌ಗಳು ತಮ್ಮ ಇರುವಿಕೆಯನ್ನು ಸಾರುತ್ತಿರುವಾಗ, ಫೇಡರ್‌ನ ಚಿಕ್ಕ ಸಂದೇಶವೂ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಜಾಲ ಕಟ್ಟುವಾಗ ಎಷ್ಟು ದೂರ ತಲುಪುತ್ತದೆ ಎಂಬ ಪ್ರಶ್ನೆಗಿಂತ, ಎಷ್ಟು ಕಡಿಮೆ ಮಾತನಾಡಿ ಕೆಲಸ ಮುಗಿಸಬಹುದು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕು. ಕೆಳಗಿನ ಪ್ರತಿ ಹೆಜ್ಜೆಯೂ ಆ ಪ್ರಶ್ನೆಯಿಂದಲೇ ಹುಟ್ಟಿದ್ದು.

ಮೊದಲು: ಯಾವುದು ತಂತಿಯಲ್ಲಿ, ಯಾವುದು ಗಾಳಿಯಲ್ಲಿ

ಉಪಕರಣ ಕೊಳ್ಳುವ ಮೊದಲು ಒಂದು ಕಾಗದದಲ್ಲಿ ಎರಡು ಪಟ್ಟಿ ಬರೆಯಿರಿ. ಮಿಕ್ಸರ್‌ನಿಂದ, ವೇದಿಕೆಯ ತಂತಿಗಳನ್ನು ಕೂಡಿಸುವ ಸ್ಟೇಜ್ ಬಾಕ್ಸ್‌ಗೆ ಹೋಗುವ ಧ್ವನಿ, ಡಾಂಟೆಯಂತಹ ಜಾಲದ ಮೂಲಕ ಸಾಗುವ ಆಡಿಯೊ, ಬೆಳಕಿನ ಕನ್ಸೋಲ್‌ನಿಂದ ಡಿಎಂಎಕ್ಸ್ ನೋಡ್‌ಗಳಿಗೆ (ಜಾಲದ ಸಂಕೇತವನ್ನು ದೀಪಗಳ ಡಿಎಂಎಕ್ಸ್ ಭಾಷೆಗೆ ಬದಲಿಸುವ ಪೆಟ್ಟಿಗೆಗಳಿಗೆ) ಹೋಗುವ ಸಂಕೇತ, ಇವೆಲ್ಲವೂ ತಂತಿಯ ಪಟ್ಟಿಗೇ ಸೇರಬೇಕು. ಗಾಳಿಯ ಪಟ್ಟಿಯಲ್ಲಿ ಉಳಿಯಬೇಕಾದದ್ದು ತಂತ್ರಜ್ಞರು ಕೈಯಲ್ಲಿ ಹಿಡಿದು ಓಡಾಡುವ ಟ್ಯಾಬ್ಲೆಟ್ ಮಾತ್ರ.

ಇಲ್ಲಿ ಧ್ವನಿಗೂ ಬೆಳಕಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಧ್ವನಿಯ ಟ್ಯಾಬ್ಲೆಟ್ ಬರೀ ರಿಮೋಟ್. ಅದರ ಸಂಪರ್ಕ ಕಡಿದರೂ ಡಿಜಿಟಲ್ ಮಿಕ್ಸರ್ ತನ್ನಲ್ಲಿರುವ ಕೊನೆಯ ಸೆಟ್ಟಿಂಗ್‌ನಲ್ಲಿಯೇ ಕೆಲಸ ಮುಂದುವರಿಸುತ್ತದೆ, ಪ್ರೇಕ್ಷಕರಿಗೆ ಏನೂ ಗೊತ್ತಾಗುವುದಿಲ್ಲ. ಬೆಳಕಿನಲ್ಲಿ ಹಾಗಲ್ಲ. ಟ್ಯಾಬ್ಲೆಟ್ ಕನ್ಸೋಲಿನ ರಿಮೋಟ್ ಆಗಿದ್ದರೆ ತೊಂದರೆಯಿಲ್ಲ. ಆದರೆ ಟ್ಯಾಬ್ಲೆಟ್‌ನಲ್ಲಿರುವ ಆ್ಯಪ್ ತಾನೇ, ದೀಪಗಳ ಆಜ್ಞೆಯನ್ನು ಜಾಲದ ಮೂಲಕ ಸಾಗಿಸುವ ಪದ್ಧತಿಗಳಾದ ಆರ್ಟ್-ನೆಟ್ ಅಥವಾ ಎಸ್‌ಎಸಿಎನ್ ಸಂಕೇತವನ್ನು ಹುಟ್ಟಿಸುತ್ತಿದ್ದರೆ, ವೈ-ಫೈ ಕಡಿದ ಕ್ಷಣದಲ್ಲಿ ದೀಪಗಳಿಗೆ ಯಜಮಾನನೇ ಇಲ್ಲದಂತಾಗುತ್ತದೆ. ಎಸ್‌ಎಸಿಎನ್ ನಿಯಮದ ಪ್ರಕಾರ 2.5 ಸೆಕೆಂಡು ಸಂಕೇತ ಬಾರದಿದ್ದರೆ ಮೂಲ ಇಲ್ಲವಾಗಿದೆ ಎಂದು ನೋಡ್ ತೀರ್ಮಾನಿಸುತ್ತದೆ. ಆಮೇಲೆ ಕೊನೆಯ ದೃಶ್ಯವನ್ನು ಹಿಡಿದಿಡಬೇಕೋ, ಕತ್ತಲೆ ಮಾಡಬೇಕೋ ಎಂಬುದು ನೋಡ್ ಮತ್ತು ಫಿಕ್ಸ್‌ಚರ್‌ಗಳ (ದೀಪಗಳ) ಸೆಟ್ಟಿಂಗ್‌ಗೆ ಬಿಟ್ಟದ್ದು. ಆ ಸೆಟ್ಟಿಂಗ್ ನಿಮ್ಮ ಉಪಕರಣದಲ್ಲಿ ಏನಿದೆ ಎಂದು ಇಂದೇ ತೆರೆದು ನೋಡಿ, ಕೊನೆಯ ದೃಶ್ಯವನ್ನು ಹಿಡಿದಿಡುವಂತೆ ಬದಲಿಸಿ. ಸಂಕೇತ ಹುಟ್ಟಿಸುವ ಯಂತ್ರವನ್ನು, ಅದು ಲ್ಯಾಪ್‌ಟಾಪ್ ಆಗಿದ್ದರೂ ಸರಿ, ಕೇಬಲ್‌ನಿಂದ ನೋಡ್‌ಗೆ ಜೋಡಿಸಿ, ಟ್ಯಾಬ್ಲೆಟ್‌ಗೆ ಆ ಯಂತ್ರದ ರಿಮೋಟ್ ಆಗುವ ಕೆಲಸವನ್ನಷ್ಟೇ ಕೊಡುವುದು ನನ್ನ ಮಟ್ಟಿಗೆ ಚರ್ಚೆಗೆ ಎಡೆಯಿಲ್ಲದ ನಿಯಮ.

ಉಪಕರಣ

ಕೆಲವು ಪುಟ್ಟ ರ‍್ಯಾಕ್ ಮಿಕ್ಸರ್‌ಗಳ ಒಳಗೇ ವೈ-ಫೈ ಇರುತ್ತದೆ. ಅಭ್ಯಾಸದ ಕೋಣೆಯಲ್ಲಿ ಅದು ಸಾಕು. ವೇದಿಕೆಯ ಮೇಲೆ ಅದನ್ನು ನಂಬಬಾರದು, ಏಕೆಂದರೆ ಅಂತಹ ಹಲವು ಮಿಕ್ಸರ್‌ಗಳಲ್ಲಿ ಇರುವುದು 2.4 ಗಿಗಾಹರ್ಟ್ಸ್ ರೇಡಿಯೊ ಮಾತ್ರ. ಮಿಗಿಲಾಗಿ ಮಿಕ್ಸರ್ ಕುಳಿತಿರುವುದು ನೆಲಮಟ್ಟದಲ್ಲಿ, ಲೋಹದ ಪೆಟ್ಟಿಗೆಯಲ್ಲಿ, ವಾದ್ಯಗಾರರ ಕಾಲ ಬಳಿ. ಸಭಾಂಗಣದ ಸ್ವಂತ ವೈ-ಫೈಯನ್ನು ಎರವಲು ಪಡೆಯುವುದಂತೂ ಇನ್ನೂ ಕೆಟ್ಟ ಉಪಾಯ. ಅದರ ಸೆಟ್ಟಿಂಗ್ ನಿಮ್ಮ ಕೈಯಲ್ಲಿರುವುದಿಲ್ಲ, ಅದರ ಬಳಕೆದಾರರೂ ನಿಮ್ಮ ಹಿಡಿತದಲ್ಲಿರುವುದಿಲ್ಲ.

ಬೇಕಾದದ್ದು ಇಷ್ಟು: ಐಪಿ ವಿಳಾಸ ಹಂಚುವ ಒಂದು ರೂಟರ್, ಕೇಬಲ್‌ಗಳನ್ನೆಲ್ಲ ಕೂಡಿಸುವ, ಸೆಟ್ಟಿಂಗ್ ಬದಲಿಸಲು ಬರುವ ಒಂದು ಮ್ಯಾನೇಜ್ಡ್ ಸ್ವಿಚ್, ಮತ್ತು ವೈ-ಫೈ ಹರಡುವ, ಬೇರೆಯಾಗಿ ನಿಲ್ಲಿಸಬಹುದಾದ ಒಂದು ಆಕ್ಸೆಸ್ ಪಾಯಿಂಟ್. ರೂಟರ್ ಮತ್ತು ಆಕ್ಸೆಸ್ ಪಾಯಿಂಟ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಹಣ ಉಳಿಯುತ್ತದೆ, ಆದರೆ ರೂಟರ್ ಇರಬೇಕಾದದ್ದು ರ‍್ಯಾಕ್‌ನೊಳಗೆ, ಆ್ಯಂಟೆನಾ ಇರಬೇಕಾದದ್ದು ತಲೆಗಳಿಗಿಂತ ಮೇಲೆ. ಆಕ್ಸೆಸ್ ಪಾಯಿಂಟ್‌ಗೆ ನೆಟ್‌ವರ್ಕ್ ಕೇಬಲ್‌ನಲ್ಲಿಯೇ ವಿದ್ಯುತ್ ಕೊಡುವ ಪಿಒಇ ವ್ಯವಸ್ಥೆ ಇದ್ದರೆ, 100 ಮೀಟರ್ ಒಳಗಿನ ಒಂದೇ ಕೇಬಲ್ ಎಳೆದು ಅದನ್ನು ಬೇಕಾದಲ್ಲಿ ನಿಲ್ಲಿಸಬಹುದು. ಇಂಟರ್‌ನೆಟ್ ಸಂಪರ್ಕ ಬೇಕಿಲ್ಲ, ಇರದಿದ್ದರೆ ಒಳ್ಳೆಯದು.

ವಿಳಾಸಗಳ ಯೋಜನೆ

ವೈ-ಫೈ ಸಮಸ್ಯೆ ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಬಹುಪಾಲು ರೇಡಿಯೊಗೆ ಸಂಬಂಧಿಸಿದವಲ್ಲ, ವಿಳಾಸಕ್ಕೆ ಸಂಬಂಧಿಸಿದವು. ಮಿಕ್ಸರ್ ಒಂದು ಸಬ್‌ನೆಟ್‌ನಲ್ಲಿ (ಒಂದೇ ಸಾಲಿನ ವಿಳಾಸಗಳ ಗುಂಪಿನಲ್ಲಿ), ಟ್ಯಾಬ್ಲೆಟ್ ಇನ್ನೊಂದರಲ್ಲಿ ಇದ್ದರೆ ಸಿಗ್ನಲ್ ಎಷ್ಟೇ ಚೆನ್ನಾಗಿರಲಿ, ಇವೆರಡೂ ಒಂದನ್ನೊಂದು ಕಾಣುವುದಿಲ್ಲ.

ಸ್ಥಿರವಾಗಿ ಕೂರುವ ಉಪಕರಣಗಳಿಗೆ, ಅಂದರೆ ಮಿಕ್ಸರ್, ಬೆಳಕಿನ ಕನ್ಸೋಲ್, ನೋಡ್, ಆಕ್ಸೆಸ್ ಪಾಯಿಂಟ್‌ಗಳಿಗೆ, ಸ್ಥಿರ ವಿಳಾಸವನ್ನು ಕೈಯಾರೆ ಕೊಡಿ. ಉದಾಹರಣೆಗೆ ರೂಟರ್‌ಗೆ 192.168.10.1, ಆಕ್ಸೆಸ್ ಪಾಯಿಂಟ್‌ಗೆ 192.168.10.2, ಮಿಕ್ಸರ್‌ಗೆ 192.168.10.20 ಎಂದಿಟ್ಟುಕೊಂಡು, ಈ ಮೂರಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಎಂದು ತುಂಬಬಹುದು. ಟ್ಯಾಬ್ಲೆಟ್ ಮತ್ತು ಲ್ಯಾಪ್‌ಟಾಪ್‌ಗಳಿಗೆ ರೂಟರ್‌ನ ಡಿಎಚ್‌ಸಿಪಿ (ವಿಳಾಸಗಳನ್ನು ತಾನಾಗಿ ಹಂಚುವ ವ್ಯವಸ್ಥೆ) 100ರಿಂದ 150ರವರೆಗಿನ ಸಂಖ್ಯೆಗಳನ್ನು ಹಂಚಲಿ; ಆಗ ಸ್ಥಿರ ವಿಳಾಸಗಳ ಮೇಲೆ ಅದು ಕಾಲಿಡುವುದಿಲ್ಲ. ಜಾಲದಲ್ಲಿ ಡಿಎಚ್‌ಸಿಪಿ ಹಂಚುವವರು ಒಬ್ಬರೇ ಇರಬೇಕು ಎಂಬುದನ್ನು ಎರಡು ಸಲ ಪರೀಕ್ಷಿಸಿ. ಯಾವುದೋ ಹಳೆಯ ರೂಟರನ್ನು ಸ್ವಿಚ್‌ನಂತೆ ಬಳಸಿ, ಅದರ ಡಿಎಚ್‌ಸಿಪಿ ಆಫ್ ಮಾಡಲು ಮರೆತು, ಅರ್ಧ ಉಪಕರಣಗಳು ಒಂದು ಮನೆಗೂ ಇನ್ನರ್ಧ ಇನ್ನೊಂದು ಮನೆಗೂ ಸೇರಿದ ಪ್ರಸಂಗ ಅಪರೂಪವೇನಲ್ಲ. ಟ್ಯಾಬ್ಲೆಟ್‌ನ ವಿಳಾಸ 169.254ರಿಂದ ಶುರುವಾಗಿದ್ದರೆ, ಅದಕ್ಕೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ.

ಆರ್ಟ್-ನೆಟ್ ಉಪಕರಣಗಳು ಹಲವು ಸಲ ಕಾರ್ಖಾನೆಯಿಂದಲೇ 2ರಿಂದ ಅಥವಾ 10ರಿಂದ ಶುರುವಾಗುವ ವಿಳಾಸ ಮತ್ತು 255.0.0.0 ಮಾಸ್ಕ್‌ನೊಂದಿಗೆ ಬರುತ್ತವೆ. ಇದು ತಪ್ಪಲ್ಲ, ಆ ಪದ್ಧತಿಯ ಸಂಪ್ರದಾಯ. ಆದರೆ 2ರಿಂದ ಶುರುವಾಗುವ ವಿಳಾಸಗಳು ಖಾಸಗಿ ಜಾಲಕ್ಕೆಂದು ಮೀಸಲಾದವಲ್ಲ, ಸಾರ್ವಜನಿಕ ಇಂಟರ್‌ನೆಟ್‌ಗೆ ಸೇರಿದವು. ಪ್ರತ್ಯೇಕವಾಗಿ ನಿಂತ ಜಾಲದಲ್ಲಿ ಇದರಿಂದ ತೊಂದರೆಯಾಗದಿದ್ದರೂ, ನಾನು ಬೆಳಕಿನ ಜಾಲಕ್ಕೆ 10ರ ಸಾಲನ್ನು ಆಯ್ದುಕೊಳ್ಳುತ್ತೇನೆ. ಧ್ವನಿಗೆ 192.168ರ ಸಾಲು, ಬೆಳಕಿನ ಸಂಕೇತಕ್ಕೆ 10ರ ಸಾಲು ಎಂದು ಹಂಚಿಕೊಂಡರೆ, ಪರದೆಯ ಮೇಲಿನ ವಿಳಾಸ ನೋಡಿದ ಕೂಡಲೇ ಯಾವ ಕೇಬಲ್ ಯಾವ ಕಡೆಯದು ಎಂದು ತಿಳಿಯುತ್ತದೆ.

ಇತ್ತೀಚಿನ ಫೋನು–ಟ್ಯಾಬ್ಲೆಟ್‌ಗಳು ಪ್ರತಿ ಜಾಲಕ್ಕೂ ತಮ್ಮ ಮ್ಯಾಕ್ ವಿಳಾಸವನ್ನು (ಉಪಕರಣದ ಗುರುತಿನ ಸಂಖ್ಯೆಯನ್ನು) ಮರೆಮಾಚಿ ಬೇರೆಯದನ್ನು ತೋರಿಸುತ್ತವೆ. ಐಪ್ಯಾಡ್‌ಗಳಲ್ಲಿ 2020ರ ಆವೃತ್ತಿಯಿಂದ ಇದು ತಾನಾಗಿಯೇ ಚಾಲೂ ಇರುತ್ತದೆ. ರೂಟರ್‌ನಲ್ಲಿ ಮ್ಯಾಕ್ ವಿಳಾಸ ನೋಡಿ ನಿರ್ದಿಷ್ಟ ಐಪಿ ಕಾಯ್ದಿರಿಸುವವರು, ಅಥವಾ ಗೊತ್ತಿರುವ ಮ್ಯಾಕ್‌ಗಳನ್ನಷ್ಟೇ ಒಳಗೆ ಬಿಡುವವರು, ಈ ಜಾಲದ ಮಟ್ಟಿಗೆ ಆ ಮರೆಮಾಚುವಿಕೆಯನ್ನು ಆಫ್ ಮಾಡಬೇಕು. ಎಲ್ಲ ವಿಳಾಸಗಳನ್ನೂ ಬರೆದ ಕಾಗದವನ್ನು ರ‍್ಯಾಕ್ ಮುಚ್ಚಳದ ಒಳಬದಿಗೆ ಅಂಟಿಸಿಡಿ.

ಚಾನೆಲ್ ಆಯ್ಕೆ

2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ: 1, 6, 11. ಬ್ಲೂಟೂತ್ ಇಲ್ಲಿಯೇ ಇದೆ, ವೈರ್‌ಲೆಸ್ ಡಿಎಂಎಕ್ಸ್ ಸಾಮಾನ್ಯವಾಗಿ ಇಲ್ಲಿಯೇ ಇದೆ, ಕೆಲವು ಡಿಜಿಟಲ್ ಮೈಕ್ ಮತ್ತು ಗಿಟಾರ್ ವೈರ್‌ಲೆಸ್‌ಗಳೂ ಇಲ್ಲಿಯೇ ಇವೆ. ನಿಮ್ಮ ಆಕ್ಸೆಸ್ ಪಾಯಿಂಟ್ ಇಲ್ಲಿ ದೊಡ್ಡ ದನಿಯಲ್ಲಿ ಮಾತನಾಡಿದರೆ ತೊಂದರೆಗೆ ಒಳಗಾಗುವವರು ನಿಮ್ಮದೇ ತಂಡದ ಗಿಟಾರ್ ವಾದಕರಾಗಿರಬಹುದು. ಹಾಗಾಗಿ ಆಕ್ಸೆಸ್ ಪಾಯಿಂಟ್‌ನ 2.4 ಗಿಗಾಹರ್ಟ್ಸ್ ರೇಡಿಯೊವನ್ನು ಪೂರ್ತಿ ಆಫ್ ಮಾಡಿ, 5 ಗಿಗಾಹರ್ಟ್ಸ್ ಮಾತ್ರ ಬಳಸಿ.

5 ಗಿಗಾಹರ್ಟ್ಸ್‌ನಲ್ಲಿಯೂ ಎಲ್ಲ ಚಾನೆಲ್‌ಗಳು ಒಂದೇ ಬಗೆಯವಲ್ಲ. 52ರಿಂದ 64 ಮತ್ತು 100ರಿಂದ 144ರವರೆಗಿನ ಚಾನೆಲ್‌ಗಳನ್ನು ಹೆಚ್ಚಿನ ದೇಶಗಳಲ್ಲಿ ರೇಡಾರ್‌ಗಳೊಂದಿಗೆ ಹಂಚಿಕೊಳ್ಳಬೇಕು. ಅಲ್ಲಿ ಆಕ್ಸೆಸ್ ಪಾಯಿಂಟ್ ಮಾತು ಶುರುಮಾಡುವ ಮೊದಲು ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಬೇಕು, ನಡುವೆ ರೇಡಾರ್ ಕೇಳಿಸಿದರೆ ಜಾಗ ಖಾಲಿ ಮಾಡಿ ಹೊರಡಬೇಕು. ಹಾಡಿನ ನಡುವೆ ನಿಮ್ಮ ಜಾಲ ಹೀಗೆ ಎದ್ದು ಹೋಗುವುದನ್ನು ನೀವು ಬಯಸುವುದಿಲ್ಲ. ಆ ಚಾನೆಲ್‌ಗಳು ಖಾಲಿಯಾಗಿ ಕಾಣುತ್ತವೆ ಎಂಬುದೇ ಅವುಗಳ ಆಕರ್ಷಣೆ. ಆದರೂ 36, 40, 44, 48ರಲ್ಲಿ ಒಂದನ್ನು, ಅಥವಾ ದೇಶದ ನಿಯಮ ಅನುಮತಿಸಿದರೆ 149ರಿಂದ 165ರವರೆಗಿನವುಗಳಲ್ಲಿ ಒಂದನ್ನು ಆರಿಸಿ. ರೂಟರ್‌ನಲ್ಲಿ ದೇಶವನ್ನು ಸರಿಯಾಗಿ ನಮೂದಿಸಿದ್ದರೆ ಅನುಮತಿಯಿಲ್ಲದವು ತೋರುವುದೇ ಇಲ್ಲ. ಚಾನೆಲನ್ನು ತಾನಾಗಿಯೇ ಆರಿಸಿಕೊಳ್ಳುವ ಸೌಲಭ್ಯವನ್ನು ತೆಗೆದುಹಾಕಿ, ಕೈಯಾರೆ ಒಂದು ಸಂಖ್ಯೆಯನ್ನು ನಿಗದಿಮಾಡಿ.

ಚಾನೆಲ್‌ನ ಅಗಲವನ್ನು 20 ಮೆಗಾಹರ್ಟ್ಸ್‌ಗೆ ಇಳಿಸಿ. ಚಲನಚಿತ್ರ ನೋಡುವ ಮನೆಗೆ 80 ಮೆಗಾಹರ್ಟ್ಸ್ ಅಗಲದ ದಾರಿ ಬೇಕಾಗಬಹುದು. ನಮ್ಮ ಸರಕು ಬಹಳ ಹಗುರ. 512 ಬೆಳಕಿನ ಚಾನೆಲ್‌ಗಳ (ಇವು ವೈ-ಫೈ ಚಾನೆಲ್‌ಗಳಲ್ಲ) ಗುಂಪಾದ ಒಂದು ಪೂರ್ತಿ ಡಿಎಂಎಕ್ಸ್ ಯೂನಿವರ್ಸ್ ಆರ್ಟ್-ನೆಟ್‌ನಲ್ಲಿ ಸೆಕೆಂಡಿಗೆ 44 ಸಲ ಹೋದರೂ 200 ಕಿಲೋಬಿಟ್ ಆಸುಪಾಸಿನಲ್ಲಿರುತ್ತದೆ, ಫೇಡರ್ ಸಂದೇಶಗಳು ಅದಕ್ಕಿಂತಲೂ ಚಿಕ್ಕವು. ಅಗಲ ಅರ್ಧಕ್ಕಿಳಿದಾಗಲೆಲ್ಲ ಒಳಬರುವ ಗದ್ದಲವೂ 3 ಡೆಸಿಬೆಲ್ ಇಳಿಯುತ್ತದೆ.

ಪ್ರಸಾರ ಶಕ್ತಿಯನ್ನು ಗರಿಷ್ಠಕ್ಕೆ ಏರಿಸುವ ಚಪಲ ಎಲ್ಲರಿಗೂ ಇರುತ್ತದೆ. ಅದರಿಂದ ಟ್ಯಾಬ್ಲೆಟ್‌ನ ಗೆರೆಗಳು ತುಂಬುತ್ತವೆಯೇ ಹೊರತು ಟ್ಯಾಬ್ಲೆಟ್‌ನ ಪುಟ್ಟ ರೇಡಿಯೊಗೆ ಹೊಸ ಬಲ ಬರುವುದಿಲ್ಲ. ಆಕ್ಸೆಸ್ ಪಾಯಿಂಟ್ ಕೂಗಿದ್ದು ಟ್ಯಾಬ್ಲೆಟ್‌ಗೆ ಕೇಳುತ್ತದೆ, ಟ್ಯಾಬ್ಲೆಟ್ ಓಗೊಟ್ಟದ್ದು ಆಕ್ಸೆಸ್ ಪಾಯಿಂಟ್‌ಗೆ ಕೇಳುವುದಿಲ್ಲ. ಮಧ್ಯಮ ಶಕ್ತಿಯಲ್ಲಿಟ್ಟು ಆಕ್ಸೆಸ್ ಪಾಯಿಂಟನ್ನೇ ಹತ್ತಿರ ತರುವುದು ಒಳ್ಳೆಯದು. 6 ಗಿಗಾಹರ್ಟ್ಸ್‌ಗೆ ಅನುಮತಿಯಿರುವ ದೇಶದಲ್ಲಿ, ಟ್ಯಾಬ್ಲೆಟ್ ಕೂಡ ಅದನ್ನು ಬಲ್ಲದ್ದಾದರೆ, ಅಲ್ಲಿನ ಗದ್ದಲ ಸದ್ಯಕ್ಕೆ ಇನ್ನೂ ಕಡಿಮೆ.

ಆ್ಯಂಟೆನಾ ಎಲ್ಲಿರಬೇಕು

ಮನುಷ್ಯನ ದೇಹದಲ್ಲಿ ನೀರು ಹೆಚ್ಚು, ಅದು ಈ ತರಂಗಗಳನ್ನು ಹೀರುತ್ತದೆ. ಸೌಂಡ್ ಚೆಕ್‌ನಲ್ಲಿ ಚೆನ್ನಾಗಿದ್ದ ಸಂಪರ್ಕ ಜನ ಬಂದ ಮೇಲೆ ಕೆಡುವುದಕ್ಕೆ ಇದು ಎರಡನೆಯ ಕಾರಣ. ಆದ್ದರಿಂದ ಆಕ್ಸೆಸ್ ಪಾಯಿಂಟನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ, ನಿಂತ ಪ್ರೇಕ್ಷಕರ ತಲೆಗಿಂತ ಸಾಕಷ್ಟು ಎತ್ತರದಲ್ಲಿ, ಅಂದರೆ ಎರಡೂವರೆಯಿಂದ ಮೂರು ಮೀಟರ್ ಮೇಲೆ, ತಂತ್ರಜ್ಞರು ಓಡಾಡುವ ಜಾಗಗಳಿಗೆಲ್ಲ ಕಾಣುವಂತೆ ನಿಲ್ಲಿಸಿ. ಎಲ್‌ಇಡಿ ಪರದೆ, ಲೋಹದ ಟ್ರಸ್, ಸ್ಪೀಕರ್ ರಾಶಿ, ಇವುಗಳ ಹಿಂದೆ ಬೇಡ. ಕಡ್ಡಿಯಂತಹ ಆ್ಯಂಟೆನಾ ತನ್ನ ಸುತ್ತ ಅಡ್ಡಲಾಗಿ ಹರಡುತ್ತದೆ, ತುದಿಯ ಕಡೆಗೆ ಬಹಳ ಕಡಿಮೆ. ಅದನ್ನು ನೆಟ್ಟಗೆ ನಿಲ್ಲಿಸಬೇಕೇ ಹೊರತು ಪ್ರೇಕ್ಷಕರ ಕಡೆ ಬಂದೂಕಿನಂತೆ ಗುರಿಯಿಡಬಾರದು. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸಿಗ್ನಲ್ 6 ಡೆಸಿಬೆಲ್ ಇಳಿಯುತ್ತದೆ. ನೀವು ನಿಲ್ಲುವ ಜಾಗದಲ್ಲಿ ಮೈನಸ್ 65 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟು ಬಲ ಹೆಚ್ಚು) ಅಥವಾ ಅದಕ್ಕಿಂತ ಬಲವಾದ ಸಿಗ್ನಲ್ ಇರಲಿ. ಅಳೆಯುವಾಗ ಆಕ್ಸೆಸ್ ಪಾಯಿಂಟ್‌ಗೆ ಬೆನ್ನು ತಿರುಗಿಸಿ ನಿಂತೂ ಒಮ್ಮೆ ನೋಡಿ, ಏಕೆಂದರೆ ಕಾರ್ಯಕ್ರಮದಲ್ಲಿ ನೀವು ನೋಡುವುದು ವೇದಿಕೆಯನ್ನೇ ಹೊರತು ಆಕ್ಸೆಸ್ ಪಾಯಿಂಟನ್ನಲ್ಲ.

ಮಲ್ಟಿಕಾಸ್ಟ್ ಎಂಬ ಗುಪ್ತ ಪ್ರವಾಹ

ಧ್ವನಿ ಮತ್ತು ಬೆಳಕು ಎರಡೂ ಒಂದೇ ಸ್ವಿಚ್‌ನಲ್ಲಿ ಕೂಡಿದಾಗ ಹುಟ್ಟುವ ತೊಂದರೆ ಇದು; ಬಹಳ ಜನ ಇದನ್ನು ರೇಡಿಯೊ ತೊಂದರೆ ಎಂದೇ ತಿಳಿದು ವರ್ಷಗಟ್ಟಲೆ ಹೊಸ ರೂಟರ್ ಕೊಳ್ಳುತ್ತಿರುತ್ತಾರೆ.

ಎಸ್‌ಎಸಿಎನ್ ಸಾಮಾನ್ಯವಾಗಿ ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಸಂದೇಶವನ್ನು ಗುಂಪಿಗೆಲ್ಲ ಒಟ್ಟಿಗೆ ಕಳಿಸುವ ಬಗೆಯಲ್ಲಿ, ಸಾಗುತ್ತದೆ. ಮೊದಲನೆಯ ಯೂನಿವರ್ಸ್ 239.255.0.1 ವಿಳಾಸಕ್ಕೆ, ಎರಡನೆಯದು 239.255.0.2ಕ್ಕೆ, ಹೀಗೆ. ಸ್ವಿಚ್‌ಗೆ ಬೇರೆ ಏನೂ ಹೇಳಿಕೊಡದಿದ್ದರೆ, ಅದು ಈ ಸಂದೇಶಗಳನ್ನು ಎಲ್ಲ ಪೋರ್ಟ್‌ಗಳಿಗೂ ಸುರಿಯುತ್ತದೆ, ಆಕ್ಸೆಸ್ ಪಾಯಿಂಟ್ ಇರುವ ಪೋರ್ಟಿಗೂ ಸಹ. ತಂತಿಯಲ್ಲಿ ಇದು ಲೆಕ್ಕಕ್ಕಿಲ್ಲ. ಗಾಳಿಯಲ್ಲಿ ಕಥೆ ಬೇರೆ. ಒಬ್ಬರಿಗೆಂದು ಕಳಿಸಿದ ಸಂದೇಶಕ್ಕೆ ವೈ-ಫೈ ರಸೀದಿ ಕೇಳುತ್ತದೆ, ಬಾರದಿದ್ದರೆ ಮತ್ತೆ ಕಳಿಸುತ್ತದೆ, ಆ ಟ್ಯಾಬ್ಲೆಟ್‌ಗೆ ತಕ್ಕ ವೇಗದಲ್ಲಿ ಕಳಿಸುತ್ತದೆ. ಮಲ್ಟಿಕಾಸ್ಟ್‌ಗೆ ರಸೀದಿ ಇಲ್ಲ. ಎಲ್ಲರಿಗೂ ಕೇಳಲಿ ಎಂದು ಅದನ್ನು ಅತ್ಯಂತ ನಿಧಾನದ ವೇಗಗಳಲ್ಲಿ ಓದಿ ಹೇಳುವುದೇ ವಾಡಿಕೆ: 5 ಗಿಗಾಹರ್ಟ್ಸ್‌ನಲ್ಲಿ ಆ ವೇಗ ಸೆಕೆಂಡಿಗೆ 6 ಮೆಗಾಬಿಟ್, 2.4ರಲ್ಲಿ ಹಳೆಯ ವೇಗಗಳನ್ನು ಆಫ್ ಮಾಡದಿದ್ದರೆ ಬರೀ 1 ಮೆಗಾಬಿಟ್.

ಲೆಕ್ಕ ಹಾಕಿ ನೋಡೋಣ. ಹತ್ತು ಯೂನಿವರ್ಸ್, ಪ್ರತಿಯೊಂದೂ ಸೆಕೆಂಡಿಗೆ 44 ಸಲ ಎಂದರೆ 440 ಸಂದೇಶಗಳು. ಎಲ್ಲ ಹೊದಿಕೆಗಳನ್ನೂ ಸೇರಿಸಿ ಒಂದೊಂದೂ ಸುಮಾರು 700 ಬೈಟ್. 6 ಮೆಗಾಬಿಟ್ ವೇಗದಲ್ಲಿ ಒಂದು ಸಂದೇಶಕ್ಕೆ ಹತ್ತಿರ ಹತ್ತಿರ 1 ಮಿಲಿಸೆಕೆಂಡು ಬೇಕು, ಅಂದರೆ ಪ್ರತಿ ಸೆಕೆಂಡಿನ ಅರ್ಧದಷ್ಟು ಹೊತ್ತು ಯಾರಿಗೂ ಬೇಡದ ಬೆಳಕಿನ ಸಂದೇಶಗಳಿಗೇ ಖರ್ಚಾಗುತ್ತದೆ. 1 ಮೆಗಾಬಿಟ್ ವೇಗದಲ್ಲಿಯಾದರೆ ಒಂದು ಸೆಕೆಂಡಿನ ಸರಕನ್ನು ಹೇಳಿ ಮುಗಿಸಲು ಎರಡೂವರೆ ಸೆಕೆಂಡು ಬೇಕಾಗುತ್ತದೆ. ಅಂದರೆ ಜಾಲ ಸತ್ತಂತೆಯೇ. ಆಡಿಯೊ ಜಾಲದ ಮಲ್ಟಿಕಾಸ್ಟ್ ಹರಿವುಗಳು ಆಕ್ಸೆಸ್ ಪಾಯಿಂಟ್ ಕಡೆಗೆ ನುಗ್ಗಿದರೂ ಇದೇ ಗತಿ.

ಪರಿಹಾರ ಸ್ವಿಚ್‌ನಲ್ಲಿದೆ. ಅದನ್ನು ವಿಎಲ್ಯಾನ್‌ಗಳಾಗಿ, ಅಂದರೆ ಒಂದೇ ಸ್ವಿಚ್‌ನೊಳಗಿನ ಬೇರೆ ಬೇರೆ ಜಾಲಗಳಾಗಿ, ವಿಂಗಡಿಸಿ: ಆಡಿಯೊಗೆ ಒಂದು, ಬೆಳಕಿನ ಸಂಕೇತಕ್ಕೆ ಒಂದು, ನಿಯಂತ್ರಣಕ್ಕೆ ಒಂದು. ಆಕ್ಸೆಸ್ ಪಾಯಿಂಟ್ ಇರುವ ಪೋರ್ಟ್ ನಿಯಂತ್ರಣದ ವಿಎಲ್ಯಾನ್‌ಗೆ ಮಾತ್ರ ಸೇರಲಿ. ಮಿಕ್ಸರ್‌ಗಳಲ್ಲಿ ನಿಯಂತ್ರಣಕ್ಕೆ ಮತ್ತು ಆಡಿಯೊ ಜಾಲಕ್ಕೆ ಸಾಮಾನ್ಯವಾಗಿ ಬೇರೆ ಬೇರೆ ಪೋರ್ಟ್ ಇರುತ್ತವೆ, ಹಾಗಾಗಿ ಈ ವಿಂಗಡಣೆ ಕಷ್ಟವಲ್ಲ. ಬೆಳಕಿನ ಕನ್ಸೋಲ್‌ನಲ್ಲಿ ಒಂದೇ ಪೋರ್ಟ್ ಇದ್ದು ವಿಂಗಡಿಸಲು ಆಗದಿದ್ದರೆ, ಸ್ವಿಚ್‌ನಲ್ಲಿ ಐಜಿಎಂಪಿ ಸ್ನೂಪಿಂಗ್ (ಮಲ್ಟಿಕಾಸ್ಟನ್ನು ಕೇಳಿದ ಪೋರ್ಟ್‌ಗಳಿಗಷ್ಟೇ ಕಳಿಸುವ ಸೌಲಭ್ಯ) ಚಾಲೂ ಮಾಡಿ, ಅದರ ಜೊತೆ ಜಾಲದಲ್ಲಿ, ಯಾರಿಗೆ ಬೇಕು ಎಂದು ಆಗಾಗ ವಿಚಾರಿಸುವ ಒಂದು ಕ್ವೆರಿಯರ್ ಕೂಡ ಚಾಲೂ ಇರುವಂತೆ ನೋಡಿಕೊಳ್ಳಿ. ಕ್ವೆರಿಯರ್ ಇಲ್ಲದ ಸ್ನೂಪಿಂಗ್ ಕೆಲವು ನಿಮಿಷ ಚೆನ್ನಾಗಿ ನಡೆದು, ಆಮೇಲೆ ನೋಡ್‌ಗಳಿಗೆ ಸಂಕೇತವೇ ನಿಂತುಹೋಗಬಹುದು. ಪರೀಕ್ಷೆಯಲ್ಲಿ ಪಾಸಾಗಿ ಪ್ರದರ್ಶನದಲ್ಲಿ ಕೈಕೊಡುವ ದೋಷ ಇದು. ಮೂರನೆಯ ದಾರಿ, ಸಂಕೇತವನ್ನು ನಿರ್ದಿಷ್ಟ ನೋಡ್‌ನ ವಿಳಾಸಕ್ಕೇ ಯೂನಿಕಾಸ್ಟ್ ಆಗಿ ಕಳಿಸುವುದು. ಕೆಲವೇ ನೋಡ್‌ಗಳಿರುವ ಚಿಕ್ಕ ವ್ಯವಸ್ಥೆಗೆ ನಾನು ಇದನ್ನೇ ಸೂಚಿಸುತ್ತೇನೆ, ಸ್ವಿಚ್‌ನ ಒಳಮನೆಗೆ ಇಳಿಯುವ ಅಗತ್ಯವೇ ಬೀಳುವುದಿಲ್ಲ.

ಹೆಸರು, ಪಾಸ್‌ವರ್ಡ್, ಒಳಗೆ ಬಿಡುವವರು

ಮಿಕ್ಸರ್‌ಗಳ ರಿಮೋಟ್ ಆ್ಯಪ್‌ಗಳಲ್ಲಿ ಬಹಳಷ್ಟು ಪಾಸ್‌ವರ್ಡ್ ಕೇಳುವುದೇ ಇಲ್ಲ. ಜಾಲದೊಳಗೆ ಬಂದವರಿಗೆಲ್ಲ ಮುಖ್ಯ ಫೇಡರ್ ಕೈಗೆ ಸಿಕ್ಕಂತೆ. ಆದ್ದರಿಂದ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆ, ತಂಡದ ಹೆಸರಿನಿಂದ ಊಹಿಸಲಾಗದ ಪಾಸ್‌ವರ್ಡ್, ಎರಡೂ ಕಡ್ಡಾಯ. ಜಾಲದ ಹೆಸರನ್ನು ಮರೆಮಾಡುವುದು ರಕ್ಷಣೆಯಲ್ಲ. ಅತಿಥಿಗಳನ್ನು ಪ್ರತ್ಯೇಕಿಸುವ ಸೌಲಭ್ಯ ಚಾಲೂ ಇದ್ದರೆ ಟ್ಯಾಬ್ಲೆಟ್‌ಗೆ ಮಿಕ್ಸರ್ ಕಾಣದಿರಬಹುದು, ಆ ಸೌಲಭ್ಯವನ್ನು ಆಫ್ ಮಾಡಿ. ವಾದ್ಯಗಾರರು ತಮ್ಮ ಮಾನಿಟರ್ ಮಿಕ್ಸನ್ನು ತಮ್ಮ ಫೋನಿನಲ್ಲಿಯೇ ಸರಿಪಡಿಸಿಕೊಳ್ಳುತ್ತೇವೆ ಎಂದು ಕೇಳುತ್ತಾರೆ. ಕೊಡಬಹುದು, ಆದರೆ ಅವರವರ ಮಿಕ್ಸ್ ಮಾತ್ರ ತೆರೆಯುವ ಆ್ಯಪ್ ಇದ್ದರೆ ಮಾತ್ರ.

ಟ್ಯಾಬ್ಲೆಟ್‌ನ ಸಿದ್ಧತೆ

ಇಂಟರ್‌ನೆಟ್ ಇಲ್ಲದ ಜಾಲ ಕಂಡರೆ ಟ್ಯಾಬ್ಲೆಟ್‌ಗೆ ಸಮಾಧಾನವಿಲ್ಲ. ಅದು ಪರಿಚಿತವಾದ ಇನ್ನೊಂದು ಜಾಲಕ್ಕೆ ಸದ್ದಿಲ್ಲದೆ ಹಾರಿಬಿಡುತ್ತದೆ. ಸುತ್ತಲಿನ ಉಳಿದ ಜಾಲಗಳಿಗೆ ತಾನಾಗಿ ಸೇರುವುದನ್ನು ನಿಲ್ಲಿಸಿ, ಮೊಬೈಲ್ ಡೇಟಾ ಆಫ್ ಮಾಡಿ. ಪರದೆ ತಾನಾಗಿ ಮಲಗದಂತೆ ಮಾಡಿ, ಬ್ಯಾಟರಿ ಉಳಿಸುವ ಮೋಡ್ ತೆಗೆಯಿರಿ. ಐಪ್ಯಾಡ್‌ನಲ್ಲಿ ಸ್ಥಳೀಯ ಜಾಲವನ್ನು ಬಳಸಲು ಆ್ಯಪ್‌ಗೆ ಅನುಮತಿ ಕೊಟ್ಟಿರಬೇಕು. ಮೊದಲ ಸಲ ಅವಸರದಲ್ಲಿ ಬೇಡ ಎಂದು ಒತ್ತಿದವರಿಗೆ ಮಿಕ್ಸರ್ ಎಂದಿಗೂ ಕಾಣುವುದಿಲ್ಲ, ಕಾರಣವೂ ಹೊಳೆಯುವುದಿಲ್ಲ. ಸಾಫ್ಟ್‌ವೇರ್ ಅಪ್‌ಡೇಟ್ ಕಾರ್ಯಕ್ರಮದ ದಿನ ಬೇಡವೇ ಬೇಡ. ಜೊತೆಗೆ, ಕೇಬಲ್‌ನಿಂದ ಸ್ವಿಚ್‌ಗೆ ಜೋಡಿಸಿದ ಒಂದು ಲ್ಯಾಪ್‌ಟಾಪ್‌ನಲ್ಲಿ ಅದೇ ರಿಮೋಟ್ ತಂತ್ರಾಂಶವನ್ನು ತೆರೆದಿಟ್ಟಿರಿ.

ಪರೀಕ್ಷೆ

ಲ್ಯಾಪ್‌ಟಾಪನ್ನು ಕೇಬಲ್ ಬಿಚ್ಚಿ ವೈ-ಫೈಗೆ ತಂದು, ಮಿಕ್ಸರ್‌ನ ವಿಳಾಸಕ್ಕೆ ನಿಲ್ಲದೆ ಪಿಂಗ್ (ಉತ್ತರ ಎಷ್ಟು ಬೇಗ ಬರುತ್ತದೆ ಎಂದು ಅಳೆಯುವ ಚಿಕ್ಕ ಸಂದೇಶ) ಕಳಿಸುತ್ತ ಇಡೀ ಸಭಾಂಗಣ ಸುತ್ತಿ ಬನ್ನಿ. ಉತ್ತರಗಳು ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತಿದ್ದು, ನಡುವೆ ಒಂದೆರಡು ಹೆಚ್ಚಾದರೆ ಚಿಂತೆಯಿಲ್ಲ; 100 ದಾಟಿದವು ಸಾಲುಸಾಲಾಗಿ ಬಂದರೆ ಅಥವಾ ಉತ್ತರ ತಪ್ಪಿಹೋದರೆ ಆ ಜಾಗವನ್ನು ಗುರುತುಹಾಕಿಕೊಳ್ಳಿ. ಬೆಳಕಿನ ಕನ್ಸೋಲಿನ ಸಂಕೇತ ಪೂರ್ತಿ ಹರಿಯುತ್ತಿರುವಾಗಲೇ ಈ ಸುತ್ತು ಹಾಕಬೇಕು, ಇಲ್ಲದಿದ್ದರೆ ಮಲ್ಟಿಕಾಸ್ಟ್ ದೋಷ ಸಿಗುವುದಿಲ್ಲ. ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮತ್ತೆ ಕೇಬಲ್‌ಗೆ ಸೇರಿಸಲು ಮರೆಯಬೇಡಿ.

ಆಮೇಲೆ ಹಾಡೊಂದನ್ನು ಹಾಕಿ, ದೀಪಗಳನ್ನು ಬೆಳಗಿಸಿ, ಆಕ್ಸೆಸ್ ಪಾಯಿಂಟ್‌ನ ಕೇಬಲ್ ಕಿತ್ತುಬಿಡಿ. ಹಾಡು ನಿಲ್ಲಬಾರದು, ದೀಪ ಆರಬಾರದು. ಕೇಬಲನ್ನು ಮತ್ತೆ ಚುಚ್ಚಿ, ಟ್ಯಾಬ್ಲೆಟ್‌ನಲ್ಲಿ ಫೇಡರ್ ಮರಳಿ ಜೀವ ತಳೆಯುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಒಂದೆರಡು ನಿಮಿಷ ಬೇಕಾದರೂ ಆಶ್ಚರ್ಯವಿಲ್ಲ. ರೂಟರ್, ಸ್ವಿಚ್ ಎರಡಕ್ಕೂ ಯುಪಿಎಸ್ ಬೇಕೆನ್ನುವುದು ಈ ಕಾರಣಕ್ಕೆ.

ಪ್ರೇಕ್ಷಕರು ಬಂದು ಕುಳಿತ ಮೇಲೆ, ಪರದೆ ಏಳುವ ಮುನ್ನ, ಪಿಂಗ್ ಇನ್ನೊಮ್ಮೆ ನೋಡಿ. ಹೊತ್ತು ಮೀರುತ್ತಿದ್ದರೆ ವೈ-ಫೈ ಅನಲೈಸರ್ ಆ್ಯಪ್‌ನಲ್ಲಿ ನಿಮ್ಮ ಚಾನೆಲ್‌ಗೆ ಹೊಸದಾಗಿ ಯಾರು ಬಂದಿದ್ದಾರೆ ಎಂದು ಪರೀಕ್ಷಿಸಿ. ಛಾಯಾಗ್ರಹಣ ತಂಡದವರು ಅಥವಾ ನೇರ ಪ್ರಸಾರದವರು ತಮ್ಮದೇ ರೂಟರ್ ತಂದು ಅದೇ 36ರ ಮೇಲೆ ಇಟ್ಟಿರುವುದು ಉಂಟು. ಅವರ ಬಳಿಗೆ ನಡೆದುಹೋಗಿ, ನೀವು 36ರಲ್ಲಿರಿ, ನಾವು 44ಕ್ಕೆ ಹೋಗುತ್ತೇವೆ ಎಂದು ಮಾತಾಡಿಕೊಂಡರೆ ಐದು ನಿಮಿಷದ ಕೆಲಸ. ಚಾನೆಲ್ ಬದಲಿಸಿದರೆ ಟ್ಯಾಬ್ಲೆಟ್ ಒಮ್ಮೆ ಕಡಿದು ಮತ್ತೆ ಸೇರುತ್ತದೆ, ಆದ್ದರಿಂದ ಅದು ನಿರೂಪಕರು ಮೈಕ್ ಹಿಡಿಯುವ ಮೊದಲೇ ಮುಗಿದಿರಲಿ.